ಪಾಲಿಗೆ ಬಂದ ಓಟು

ಪೆಸಿಫಿಕ್ ಸಾಗರದ ಮೂರು ಪುಟ್ಟ ದ್ವೀಪಗಳ ನಮ್ಮ ಟೊಕೆಲಾವು ನ್ಯೂಜಿಲೆಂಡಿನ ಕೈಕೆಳಗಿನಿಂದ ಹೊರಬಂದು ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಈವರೆಗೆ ಎರಡು ಸಲ ಮತದಾನ ನಡೆದಿದೆ. 2006ರಲ್ಲಿ ಒಂದು, 2007ರಲ್ಲಿ ಇನ್ನೊಂದು. ಎರಡೂ ಸಲ ಹೌದು ಎಂದವರೇ ಹೆಚ್ಚು. ಆದರೆ ಮೂರರಲ್ಲಿ ಎರಡು ಪಾಲು ಜನ ಹೌದು ಎನ್ನಬೇಕೆಂಬ ನಿಯಮವಿದ್ದುದರಿಂದ ಎರಡೂ ಸಲ ಏನೂ ಬದಲಾಗಲಿಲ್ಲ. ಎರಡನೆಯ ಸಲ ಕಡಿಮೆ ಬಿದ್ದದ್ದು ಹದಿನಾರು ಮತ. ನಮ್ಮಲ್ಲಿ ಕ್ರಿಕೆಟ್ ಆಡಲು ಒಂದೊಂದು ಕಡೆಗೆ ಐವತ್ತು ಜನ ಇಳಿಯುತ್ತಾರೆ. ಹದಿನಾರು ಎಂದರೆ ನೀರಿಗೆ ಬಿದ್ದ ಚೆಂಡು ಹುಡುಕಲು ಹೋದವರಷ್ಟೇ.

ನಮ್ಮ ಊರಿನಲ್ಲಿ ಈ ಎರಡು ಸಲವೂ ಓಟು ಹಾಕದೆ ಉಳಿದವಳು ಲೆಪೆಕಾ. ಮೊದಲ ಸಲ ಕಣ್ಣಿನ ಆಪರೇಷನ್ನಿಗೆ ವೆಲಿಂಗ್ಟನ್ನಿಗೆ ಹೋಗಿದ್ದಳು. ಎರಡನೆಯ ಸಲ ಮಗಳ ಬಾಣಂತನಕ್ಕೆ ಅಲ್ಲೇ ಹತ್ತಿರದ ಪೋರಿರುವಾದಲ್ಲಿ ಇದ್ದಳು. ನ್ಯೂಜಿಲೆಂಡಿನಲ್ಲಿ ಇರುವ ಟೊಕೆಲಾವಿನವರ ಸಂಖ್ಯೆ ಇಲ್ಲಿರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಭಿಪ್ರಾಯಗಳೂ ಅಷ್ಟೇ ಹೆಚ್ಚು. ಆದರೆ ಅಲ್ಲಿ ಕೂತವರಿಗೆ ಓಟಿರಲಿಲ್ಲ. ಲೆಪೆಕಾ ವಾಪಸು ಬರುವ ಹೊತ್ತಿಗೆ ಮತಪೆಟ್ಟಿಗೆ ಹೋಗಿತ್ತು, ಅದನ್ನು ನೋಡಲು ಬಂದಿದ್ದ ವಿಶ್ವಸಂಸ್ಥೆಯವರೂ ಹೋಗಿದ್ದರು. ಆ ಪೆಟ್ಟಿಗೆಯ ಬಣ್ಣ ಯಾವುದು ಎಂದು ಆಕೆ ಇಂದಿಗೂ ಕೇಳುತ್ತಾಳೆ. ಒಬ್ಬೊಬ್ಬರು ಒಂದೊಂದು ಬಣ್ಣ ಹೇಳುತ್ತಾರೆ.

ಆದ್ದರಿಂದ, ಮೂರೂ ದ್ವೀಪಗಳ ದೊಡ್ಡ ಸಭೆಯಿಂದ ಊರೂರಿಗೆ ಒಂದು ಪ್ರಶ್ನೆ ಬಂದಾಗ ಅದು ತನಗೇ ಬಂದದ್ದೆಂದು ಲೆಪೆಕಾ ತಿಳಿದಳು. ಪ್ರಶ್ನೆ ಚಿಕ್ಕದು: ಮೂರನೆಯ ಮತದಾನ ಬೇಕೇ, ಬೇಡವೇ? ಸಮೋವಾದ ಅಪಿಯಾಕ್ಕೆ ಹೋಗುವ ಮುಂದಿನ ಹಡಗಿನಲ್ಲಿ ಉತ್ತರ ಕಳಿಸಬೇಕು.

ನಮ್ಮ ಹಿರಿಯರ ಸಭೆಯಲ್ಲಿ ಕೈ ಎತ್ತಿಸುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪುವ ತನಕ ಮಾತಾಡುತ್ತಾರೆ. ಒಪ್ಪದಿದ್ದರೆ ಹಸಿವಾಗುವ ತನಕ ಮಾತಾಡುತ್ತಾರೆ. ಆಮೇಲೆ ಒಪ್ಪುತ್ತಾರೆ. ಈ ಪ್ರಶ್ನೆಗೆ ಮಾತ್ರ ಎರಡು ಊಟದ ಹೊತ್ತು ಮೀರಿದರೂ ಒಪ್ಪಿಗೆ ಹುಟ್ಟಲಿಲ್ಲ. ಬೇಡ ಎನ್ನುವವರ ಮುಂದಾಳು ಕೆಲೆಮೆನೆ ತಾತ, ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು. ಬೇಕು ಎನ್ನುವವರ ಮುಂದಾಳು, ಹೆಂಗಸರ ಸಮಿತಿಯ ಕಡೆಯಿಂದ, ಲೆಪೆಕಾ.

"ಎರಡು ಸಲ ಕೇಳಿದ್ರು, ಎರಡು ಸಲ ಹೇಳಿದ್ವಿ" ಎಂದರು ಕೆಲೆಮೆನೆ. "ಮೂರನೇ ಸಲ ಕೇಳೋರು ಕಿವಿ ಕೇಳದೋರು."

"ಯಾರು ಹೇಳಿದ್ದು ತಾತ? ನಾನಂತೂ ಹೇಳಿಲ್ಲ" ಎಂದಳು ಲೆಪೆಕಾ.

"ನೀನು ಹೇಳ್ದೇ ಇದ್ದ ದಿನ ಒಂದು ತೋರ್ಸಮ್ಮ."

ಗಂಡಸರ ಕಡೆ ನಗು ಎದ್ದಿತು. ಲೆಪೆಕಾ ಅದು ಮುಗಿಯುವ ತನಕ ಬೀಸಣಿಗೆ ಬೀಸಿಕೊಂಡಳು.

"ಸರಿ, ಓಟು ಬಂತು ಅಂತಾನೇ ಇಟ್ಕೋ" ಎಂದು ಕೆಲೆಮೆನೆ ಮುಂದುವರಿಸಿದರು. "ಹೌದು ಅಂತೀಯೋ, ಇಲ್ಲ ಅಂತೀಯೋ?"

"ಅದು ಹಾಕೋವಾಗ ಗೊತ್ತಾಗುತ್ತೆ."

"ಅಂದ್ರೆ ಈಗ ಗೊತ್ತಿಲ್ಲ."

"ಗೊತ್ತಿದ್ರೂ ಹೇಳಲ್ಲ ತಾತ. ಓಟು ಅಂದ್ರೆ ಗುಟ್ಟು. ರೇಡಿಯೋದಲ್ಲೂ ಹಂಗೇ ಹೇಳ್ತಾರೆ."

"ಮದುವೆ ಆಗಿ ಮೂವತ್ತು ವರ್ಷ ಆಯ್ತು, ಇವಳ ಹತ್ರ ಉಳ್ಕೊಂಡಿರೋ ಗುಟ್ಟು ಇದೊಂದೇ" ಎಂದ ಆಕೆಯ ಗಂಡ ಟಾವಿಟಾ, ಹಿಂದಿನ ಸಾಲಿನಿಂದ. ಈ ಸಲ ಹೆಂಗಸರೂ ನಕ್ಕರು.

ಕೊನೆಗೆ ದಾರಿ ತೋರಿಸಿದವಳು ಶಾಲೆಯ ಟೀಚರ್ ಮೆಲೆ. ಪ್ರಶ್ನೆ ಓಟಿನದು, ಆದ್ದರಿಂದ ಉತ್ತರವನ್ನೂ ಓಟಿನಿಂದಲೇ ಪಡೆಯಬೇಕು ಎಂದಳು. ಅಂದರೆ ಮತದಾನ ಬೇಕೇ ಎಂದು ಮತದಾನ. ಹಿರಿಯರಿಗೆ ಅಷ್ಟು ಹೊತ್ತಿಗೆ ಹಸಿವಾಗಿತ್ತು. ಒಪ್ಪಿದರು.

ಲೆಪೆಕಾ ಅಂದೇ ಸಂಜೆ ಪೆಟ್ಟಿಗೆಯಿಂದ ಬಿಳಿ ಉಡುಪನ್ನೂ ಚರ್ಚಿನ ಟೋಪಿಯನ್ನೂ ತೆಗೆದು ಬಿಸಿಲಿಗೆ ಹಾಕಿದಳು. ಇದು ದೇಶದ ಓಟಲ್ಲ, ಓಟಿನ ಬಗ್ಗೆ ಓಟು ಅಷ್ಟೇ ಎಂದು ಟಾವಿಟಾ ನೆನಪಿಸಿದ. "ಓಟು ಓಟೇ ಕಣ್ರೀ" ಎಂದಳು. "ಊರಲ್ಲಿ ಎಲ್ರೂ ಎರಡೆರಡು ಸಲ ಹಾಕಿದ್ದಾರೆ. ಮೊನ್ನೆ ಮೀಸೆ ಬಂದ ಹುಡುಗ್ರು ಬಿಟ್ರೆ ಹಾಕದೇ ಇರೋಳು ನಾನೊಬ್ಳೇ."

ಮತಪತ್ರದ ವಿಚಾರದಲ್ಲಿ ತೊಡಕಾಯಿತು. ಊರಿನವರೆಲ್ಲ ಅಕ್ಷರ ಕಲಿತದ್ದು ಮೆಲೆಯ ಹತ್ತಿರ ಅಥವಾ ಅವಳ ಅಮ್ಮನ ಹತ್ತಿರ. ಯಾರು ಗೀಟು ಎಳೆದರೂ ಅದು ಯಾರ ಗೀಟು ಎಂದು ಮೆಲೆಗೆ ಗೊತ್ತಾಗುತ್ತದೆ. ಇದನ್ನು ಹೇಳಿದವಳು ಸ್ವತಃ ಮೆಲೆ, ಸ್ವಲ್ಪ ಜಂಬದಿಂದಲೇ. ಹಾಗಾಗಿ ಕಾಗದ ಬೇಡವಾಯಿತು. ತಲೆಗೊಂದು ತೆಂಗಿನಕಾಯಿ ಎಂದು ತೀರ್ಮಾನವಾಯಿತು. ತೆಂಗಿನಕಾಯಿಯನ್ನು ಯಾರೂ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಹೋಗಿ ಎರಡು ಹಾಕಲಾರರು. ಬೇಕು ಎನ್ನುವವರು ಎಡಕ್ಕೆ, ಬೇಡ ಎನ್ನುವವರು ಬಲಕ್ಕೆ ಇಡಬೇಕು. ನಡುವೆ ಯಾರಿಗೂ ಕಾಣದಂತೆ ಚಾಪೆಗಳ ಮರೆ.

ಜಾಗ ಯಾವುದು ಎಂಬುದಕ್ಕೆ ಚರ್ಚೆಯೇ ಆಗಲಿಲ್ಲ. ಇನ್ನೂರಕ್ಕಿಂತ ಹೆಚ್ಚು ಕಾಯಿ ಗುಡ್ಡೆ ಹಾಕಲು ಊರಿನಲ್ಲಿ ಇರುವುದು ಒಂದೇ ಜಾಗ, ಮೀನು ಹಂಚುವ ಬಯಲು. ಉಸ್ತುವಾರಿ ಯಾರದು ಎಂಬುದಕ್ಕೂ ಚರ್ಚೆಯಾಗಲಿಲ್ಲ. ಲೆಪೆಕಾಳ ತಮ್ಮ ಪೆನೆಹೆ ಊರಿನ ಹಂಚುಗಾರ. ದೋಣಿಗಳು ತಂದ ಮೀನನ್ನೆಲ್ಲ ಬಯಲಿನಲ್ಲಿ ಸುರಿದು, ಮನೆಯ ತಲೆಗಳಿಗೆ ತಕ್ಕಂತೆ ಪಾಲು ಹಾಕಿ, ಮನೆಮನೆಯ ಹೆಸರು ಕೂಗಿ ಕೊಡುವುದಕ್ಕೆ ನಮ್ಮಲ್ಲಿ ಇನಾಟಿ ಎನ್ನುತ್ತೇವೆ. ಮೀನು ಹಿಡಿದವನಿಗೂ ಅಷ್ಟೇ, ಮಲಗಿದ್ದವನಿಗೂ ಅಷ್ಟೇ. ಪೆನೆಹೆ ಆ ಕೆಲಸಕ್ಕೆ ಬಂದ ಮೇಲೆ ಒಬ್ಬರೂ ಕಡಿಮೆ ಬಂತು ಎಂದು ದೂರಿಲ್ಲ. ನ್ಯಾಯವಾಗಿ ಮಾಡುವವನು ಅವನಲ್ಲದೆ ಇನ್ಯಾರು ಎಂದರು ಎಲ್ಲರೂ.

ಜನರನ್ನು ಕರೆಯಲು ಇನಾಟಿಯ ಗಂಟೆಯನ್ನೇ ಬಾರಿಸಿದರು. ಊರಿನಲ್ಲಿ ಬೇರೆ ಗಂಟೆ ಚರ್ಚಿನದು. ಅದನ್ನು ರಾಜಕೀಯಕ್ಕೆ ಕೊಡಲು ಪಾದ್ರಿಗಳು ಒಪ್ಪಲಿಲ್ಲ.

ಮೊದಲು ಹೋದವಳು ಲೆಪೆಕಾ. ಬಿಳಿ ಉಡುಪು, ಬಿಳಿ ಟೋಪಿ, ಎರಡೂ ಕೈಯಲ್ಲಿ ಒಂದು ತೆಂಗಿನಕಾಯಿ. ಕೂಸನ್ನು ದೀಕ್ಷಾಸ್ನಾನಕ್ಕೆ ಒಯ್ಯುವವರ ಹಾಗೆ ನಡೆದು ಚಾಪೆಯ ಹಿಂದೆ ಹೋದಳು. ಎಡಗಡೆಯಿಂದ ಧಡ್ ಎಂದು ಶಬ್ದ ಬಂತು.

"ಎಡಕ್ಕೆ ಬಿತ್ತು" ಎಂದರು ನಾಲ್ಕೈದು ಜನ ಒಟ್ಟಿಗೆ.

ಮೆಲೆ ಓಡಿಬಂದಳು. "ನಿಧಾನವಾಗಿ ಇಡ್ಬೇಕು ಅಂತ ಹೇಳಿರ್ಲಿಲ್ವಾ? ಮಲಗಿರೋ ಮಗು ಪಕ್ಕದಲ್ಲಿ ಇಟ್ಟ ಹಂಗೆ ಇಡಿ. ಶಬ್ದ ಬಂದ್ರೆ ಗುಟ್ಟು ಹೋಯ್ತು."

"ನಂದು ಹೋಗ್ಲಿ ಬಿಡು" ಎಂದಳು ಹೊರಬಂದ ಲೆಪೆಕಾ. ಅವಳ ಮುಖ ನೋಡಿದರೆ ಶಬ್ದ ಬೇಕೆಂದೇ ಮಾಡಿದಂತಿತ್ತು. ಆಮೇಲೆ ಅವಳು ಅಲ್ಲಿ ನಿಲ್ಲದೆ ಮನೆಗೆ ಹೋದಳು. ಊರ ಕೆಲಸ ಮಾಡುವ ತಮ್ಮನ ಎದುರಿಗೆ ಅಕ್ಕ ನಿಂತು ನೋಡಿದರೆ ಅವನಿಗೆ ಕೈಕಾಲು ಆಡುವುದಿಲ್ಲ, ನಮ್ಮಲ್ಲಿ ಅಕ್ಕ-ತಮ್ಮಂದಿರ ಮರ್ಯಾದೆ ಅಂಥದು. ಫಲಿತಾಂಶವನ್ನು ಮನೆಗೇ ಬಂದು ಹೇಳುವಂತೆ ಟಾವಿಟಾನಿಗೆ ಹೇಳಿ ಹೋದಳು.

ಉಳಿದವರೂ ಹೋಗಿ ಬಂದರು. ಕೆಲೆಮೆನೆ ತಾತ ಒಳಗೆ ಹೋಗಿ ಬಹಳ ಹೊತ್ತು ಇದ್ದು, ಶಬ್ದವಿಲ್ಲದೆ ಹೊರಬಂದರು. ಕೊನೆಯವರು ಮುಗಿದ ಮೇಲೆ ಚಾಪೆ ಇಳಿಸಿದರು. ಎರಡು ಗುಡ್ಡೆಗಳು. ಒಂದು ದೊಡ್ಡದು, ಒಂದು ಚಿಕ್ಕದು.

ಆಮೇಲೆ ಆದದ್ದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಅದಕ್ಕೇ ಹೇಳುತ್ತೇನೆ, ಯಾರೂ ಕೆಟ್ಟ ಉದ್ದೇಶದಿಂದ ಏನನ್ನೂ ಮಾಡಲಿಲ್ಲ. ಪೆನೆಹೆ ಎರಡೂ ಗುಡ್ಡೆಗಳ ನಡುವೆ ನಿಂತು ಅತ್ತ ಇತ್ತ ನೋಡಿದ. ಬಯಲು ಅದೇ. ಗಂಟೆ ಅದೇ. ಎದುರಿಗೆ ಮನೆಮನೆಯವರು ಎಂದಿನ ಜಾಗದಲ್ಲೇ ಕೂತಿದ್ದರು. ಪೆನೆಹೆ ಬಗ್ಗಿ ದೊಡ್ಡ ಗುಡ್ಡೆಯಿಂದ ಕಾಯಿ ತೆಗೆದು ಸಾಲಿಗೆ ಹಾಕತೊಡಗಿದ. ಅವನ ಜೊತೆ ಹಂಚುವ ಗಂಡಸರೂ ಎದ್ದು ಚಿಕ್ಕ ಗುಡ್ಡೆಯಿಂದ ತೆಗೆದು ಅದೇ ಸಾಲಿಗೆ ಹಾಕಿದರು. ಸಾಲುಗಳು ಅಚ್ಚುಕಟ್ಟಾಗಿ ಬೆಳೆದವು. ಪೆನೆಹೆ ಮನೆಗಳ ಹೆಸರು ಕೂಗಿದ. ಕರೆದವರು ಬಂದು ತಮ್ಮ ಪಾಲು ತೆಗೆದುಕೊಂಡರು. ನಮ್ಮ ಮನೆಯ ಹೆಸರು ಬಂದಾಗ ನಾನೂ ಹೋದೆ. ನಾಲ್ಕು ಬಂತು. ಒಳ್ಳೆಯ ಕಾಯಿಗಳು.

ಬಯಲು ಖಾಲಿಯಾದ ಮೇಲೆ ಪೆನೆಹೆ ಎಂದಿನಂತೆ ಕೂಗಿದ. "ಯಾವ ಮನೆಗಾದ್ರೂ ಬಂದಿಲ್ವಾ?"

ಎಲ್ಲರಿಗೂ ಬಂದಿತ್ತು. ಸ್ಲೇಟು ಹಿಡಿದು ಎಣಿಸಲು ನಿಂತಿದ್ದ ಮೆಲೆಯ ಕಂಕುಳಲ್ಲೂ ಎರಡು ಕಾಯಿ ಇದ್ದವು.

ಟಾವಿಟಾ ಬುಟ್ಟಿ ಹೊತ್ತು ಮನೆ ತಲುಪಿದಾಗ ಲೆಪೆಕಾ ಟೋಪಿಯನ್ನೂ ತೆಗೆಯದೆ ಬಾಗಿಲಲ್ಲಿ ಕೂತಿದ್ದಳು.

"ಏನಾಯ್ತು?"

"ಆರು ಬಂತು."

"ಏನು ಆರು?"

"ನಮ್ಮ ಮನೆಗೆ. ಆರು."

"ಯಾರು ಗೆದ್ರು ಅಂತ ಕೇಳಿದ್ದು ನಾನು."

ಟಾವಿಟಾ ಬುಟ್ಟಿ ಕೆಳಗಿಟ್ಟು ಯೋಚಿಸಿದ. "ಎಲ್ರಿಗೂ ಬಂತಲ್ಲ" ಎಂದ. ಹಾಗೆ ಹೇಳಿದ ಮೇಲೆಯೇ ಅವನಿಗೂ ಏನೋ ತಪ್ಪಿದೆ ಎನಿಸಿದ್ದು.

ಲೆಪೆಕಾ ಬಯಲಿಗೆ ಬರುವಷ್ಟರಲ್ಲಿ ಊರಿಗೆಲ್ಲ ಅರಿವಾಗಿತ್ತು. ಯಾವ ಗುಡ್ಡೆ ದೊಡ್ಡದಿತ್ತು ಎಂದು ಕೇಳಿದರೆ ಅರ್ಧ ಊರು ಎಡದ್ದು ಎಂದಿತು, ಅರ್ಧ ಊರು ಬಲದ್ದು ಎಂದಿತು. ಎದುರು ಕೂತಿದ್ದವರ ಎಡ ನಿಂತಿದ್ದವರ ಬಲ ಎಂಬ ಜಗಳ ಬೇರೆ. ಕಾಯಿಗಳನ್ನು ವಾಪಸು ತರಿಸೋಣವೆಂದರೆ ಹಲವರದು ಅಷ್ಟರಲ್ಲೇ ಒಡೆದು ತುರಿಯಾಗಿತ್ತು, ಕೆಲವರದು ಹಂದಿದೊಡ್ಡಿ ಸೇರಿತ್ತು.

"ಅಲ್ವೋ ಪೆನೆಹೆ" ಎಂದಳು ಲೆಪೆಕಾ. "ಹುಟ್ಟಿದಾಗಿಂದ ಒಂದು ಓಟು ಹಾಕಿದೀನಿ. ಅದನ್ನ ಹಂದಿ ತಿಂತಲ್ಲೋ."

ಪೆನೆಹೆ ತಲೆ ಎತ್ತಲಿಲ್ಲ. ಅಕ್ಕನಿಗೆ ಎದುರು ಮಾತಾಡುವ ಪದ್ಧತಿ ಇಲ್ಲದಿದ್ದರೂ ಮೆಲ್ಲಗೆ ಹೇಳಿದ, "ಅಕ್ಕ, ಒಂದು ಕಡೆ ಅಷ್ಟು ಕಮ್ಮಿ ಇತ್ತು. ಅವರೆಲ್ಲ ನನ್ನ ಮುಖಾನೇ ನೋಡ್ತಾ ಕೂತಿದ್ರು. ಹೆಂಗೆ ಸುಮ್ನೆ ಇರ್ಲಿ?"

ಹಿರಿಯರ ಸಭೆ ಮತ್ತೆ ಸೇರಿತು. ಕೆಲೆಮೆನೆ ತಾತನಿಗೆ ಬೇಸರವೇನೂ ಇದ್ದಂತಿರಲಿಲ್ಲ.

"ಇಷ್ಟು ವರ್ಷದಲ್ಲಿ ಯಾರೂ ಸೋಲ್ದೆ ಮುಗಿದ ಮತದಾನ ಇದೊಂದೇ" ಎಂದರು. "ದೊಡ್ಡ ಸಭೆಗೆ ಬರೆದು ಕಳ್ಸಿ. ನಮ್ಮ ಊರಿನ ಅಭಿಪ್ರಾಯ ಎಲ್ಲ ಮನೆಗಳಿಗೂ ಸಮನಾಗಿ ಸಿಕ್ಕಿದೆ ಅಂತ."

"ಮತ್ತೊಂದ್ಸಲ ಹಾಕ್ಸಿ" ಎಂದಳು ಲೆಪೆಕಾ.

"ಆಗಲ್ಲಮ್ಮ. ಎರಡನೇ ಸಲ ಕೇಳೋ ಅಭ್ಯಾಸ ಶುರುವಾದ್ರೆ ಮೂರನೇ ಸಲನೂ ಕೇಳ್ಬೇಕಾಗುತ್ತೆ."

"ನಮಗೆ ಬಂದಿರೋ ಪ್ರಶ್ನೆನೇ ಅದಲ್ವಾ ತಾತ?" ಎಂದಳು ಮೆಲೆ.

ಕೆಲೆಮೆನೆ ಅವಳತ್ತ ನೋಡಿದರು. "ನೀನು ಕೈಯಲ್ಲಿರೋ ಕಾಯಿ ಮೊದ್ಲು ಕೆಳಗಿಡು" ಎಂದರು. ಹಡಗು ಬರುವ ತನಕ ಈ ವಿಷಯ ಎತ್ತಕೂಡದು ಎಂದು ಸಭೆ ಮುಗಿಯಿತು.

ಲೆಪೆಕಾ ಆ ದಿನ ಏನೂ ಮಾತಾಡಲಿಲ್ಲ. ಟಾವಿಟಾನಿಗೆ ಅದರಿಂದಲೇ ಭಯವಾಯಿತಂತೆ.

ಮರುದಿನ ದೋಣಿಗಳು ತುಂಬಾ ಟ್ಯೂನಾ ತಂದವು. ಬಯಲಿನಲ್ಲಿ ಇನಾಟಿ ಎಂದಿನಂತೆ ನಡೆಯಿತು. ಮನೆಯ ಪಾಲು ಮನೆಗೆ ಬಂದ ಮೇಲೆ ಅದನ್ನು ತಟ್ಟೆತಟ್ಟೆಗೆ ಹಂಚುವುದು ಆ ಕುಟುಂಬದ ಹಿರಿಯ ಹೆಣ್ಣುಮಗಳ ಕೆಲಸ. ಗಂಡಸರು ತರುತ್ತಾರೆ, ಅಕ್ಕ ಹಂಚುತ್ತಾಳೆ. ಅಲ್ಲಿ ಯಾವ ಹಿರಿಯರ ಸಭೆಯೂ ಬಾಯಿ ಹಾಕುವಂತಿಲ್ಲ. ಮಧ್ಯಾಹ್ನ ಲೆಪೆಕಾಳ ಮನೆಯಲ್ಲಿ ಹನ್ನೊಂದು ಜನ ಚಾಪೆಯ ಮೇಲೆ ಕೂತರು. ಟಾವಿಟಾ, ಪೆನೆಹೆ, ಟಾವಿಟಾನ ಅಣ್ಣ, ಈ ಮೂವರು ಗಂಡಸರು. ಅವರ ಎದುರಿಗೆ ಹೆಂಗಸರು, ಮಕ್ಕಳು. ನಡುವೆ ಬೇಯಿಸಿದ ಮೀನು, ಪಕ್ಕದಲ್ಲಿ ದೀವಿಹಲಸು, ಅಂದರೆ ಬ್ರೆಡ್‌ಫ್ರೂಟು.

"ಈ ಮೀನು ಚಾಪೆಯ ಈ ಕಡೆ ಇರೋರಿಗೆ ಬರ್ಬೇಕು ಅನ್ನೋರು ಕೈ ಎತ್ತಿ" ಎಂದಳು ಲೆಪೆಕಾ.

ಅವಳ ಕಡೆ ಕೂತಿದ್ದ ಎಂಟೂ ಕೈಗಳು ಮೇಲೆದ್ದವು.

"ಆ ಕಡೆಗೆ ಬರ್ಬೇಕು ಅನ್ನೋರು?"

ಗಂಡಸರಿಗೆ ಆಟ ಅರ್ಥವಾಗಿರಲಿಲ್ಲ. ಟಾವಿಟಾ ನಗುತ್ತಲೇ ಕೈ ಎತ್ತಿದ. ಉಳಿದಿಬ್ಬರೂ ಎತ್ತಿದರು.

"ಎಂಟಕ್ಕೆ ಮೂರು" ಎಂದಳು ಲೆಪೆಕಾ, ಮತ್ತು ಮೀನನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಳು.

"ಅಕ್ಕ, ನಮಗೆ?" ಎಂದ ಪೆನೆಹೆ.

"ನೀವು ಸೋತ್ರಿ."

"ಸೋತ್ರೆ ತಿನ್ಬಾರ್ದಾ?"

"ಓಟು ಅಂದ್ರೆ ಅದೇ ಕಣೋ. ಜಾಸ್ತಿ ಇರೋರಿಗೆ ಸಿಗುತ್ತೆ. ಕಮ್ಮಿ ಇರೋರು ಮುಂದಿನ ಸಲ ನೋಡ್ಕೋಬೇಕು. ನೀನು ಓಟನ್ನ ಮೀನಿನ ಥರ ಹಂಚಿದೆ. ನಾನು ಮೀನನ್ನ ಓಟಿನ ಥರ ಹಂಚ್ತಾ ಇದೀನಿ. ಬ್ರೆಡ್‌ಫ್ರೂಟು ತಿನ್ನು, ಅದಕ್ಕೆ ಚುನಾವಣೆ ಇಲ್ಲ."

ಹೆಂಗಸರ ಸಮಿತಿ ಬೆಳಿಗ್ಗೆಯೇ ಮಾತಾಡಿಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ಮನೆಮನೆಯಲ್ಲೂ ಅದೇ ನಡೆದಿತ್ತು. ಕೆಲೆಮೆನೆ ತಾತನಿಗೆ ಆರು ಜನ ಹೆಣ್ಣುಮಕ್ಕಳು, ಮೇಲೆ ಹೆಂಡತಿ ಫಿಲೊ. ಅವರ ಮನೆಯಲ್ಲಿ ಫಲಿತಾಂಶ ಏಳಕ್ಕೆ ಒಂದು. ಮೂರರಲ್ಲಿ ಎರಡು ಪಾಲು ಆಗಬೇಕೆಂಬ ನಿಯಮ ಹೇಳಿ ತಪ್ಪಿಸಿಕೊಳ್ಳಲು ಅವರು ನೋಡಿದರಂತೆ. ಎಂಟರಲ್ಲಿ ಏಳು ಎಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚೇ ಎಂದು ಚಿಕ್ಕ ಮಗಳು ಲೆಕ್ಕ ಮಾಡಿ ತೋರಿಸಿದಳಂತೆ.

ಸಂಜೆ ಕರೆಯದೇ ಸಭೆ ಸೇರಿತು. ಇಷ್ಟು ಬೇಗ ಒಪ್ಪಿಗೆ ಹುಟ್ಟಿದ ಸಭೆಯನ್ನು ನಾನು ಬೇರೆ ಕಂಡಿಲ್ಲ.

"ಇನ್ನೊಂದ್ಸಲ ಹಾಕ್ಲಿ" ಎಂದರು ಕೆಲೆಮೆನೆ. "ನಾನು ಬೇಡ ಅನ್ನೋನೇ. ಆದ್ರೆ ಬೇಡ ಅನ್ನೋದನ್ನೂ ಎಣಿಸ್ಲಿ. ಮತ್ತೆ ಲೆಪೆಕಾ, ರಾತ್ರಿ ಊಟದ್ದೇನು?"

"ರಾತ್ರಿ ಹಳೇ ಪದ್ಧತಿನೇ ತಾತ."

ಈ ಸಲ ತಿನ್ನುವ ವಸ್ತು ಬೇಡವೆಂದು ಎಲ್ಲರೂ ಹೇಳಿದರು. ಹವಳದ ಚೂರು ಎಂದು ಯಾರೋ ಸೂಚಿಸಿದರು. ಇಡೀ ಊರು ನಿಂತಿರುವುದೇ ಹವಳದ ಚೂರಿನ ಮೇಲೆ. ಜೇಬು ತುಂಬಿಕೊಂಡು ಹೋದರೆ ಯಾರು ಕೇಳಬೇಕು ಎಂದು ಮೆಲೆ ತಳ್ಳಿಹಾಕಿದಳು. ಒಬ್ಬರ ಹತ್ತಿರ ಒಂದೇ ಇರುವಂಥದ್ದು ಬೇಕು, ತಿನ್ನಬಾರದು, ಬಿದ್ದರೆ ಶಬ್ದವಾಗಬಾರದು. ಸಭೆಯ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ರಬ್ಬರ್ ಚಪ್ಪಲಿಗಳ ಕಡೆ ಎಲ್ಲರ ಕಣ್ಣೂ ಒಟ್ಟಿಗೆ ಹೋಯಿತು. ತಲೆಗೊಂದು ಎಡಗಾಲಿನ ಚಪ್ಪಲಿ ಎಂದು ನಿಶ್ಚಯವಾಯಿತು.

ಲೆಪೆಕಾ ಮತ್ತೆ ಬಿಳಿ ಉಡುಪು ತೊಟ್ಟಳು. ಚಪ್ಪಲಿಯನ್ನು ಸೋಪು ಹಾಕಿ ತೊಳೆದಿದ್ದಳು. ಈ ಸಲ ಗಂಟೆ ಬಾರಿಸಲಿಲ್ಲ, ಜನರನ್ನು ಮನೆಮನೆಗೆ ಹೋಗಿ ಕರೆದರು. ಪೆನೆಹೆ ತನ್ನ ಚಪ್ಪಲಿ ಹಾಕಿದ ಕೂಡಲೇ ಅವನನ್ನು ದೋಣಿ ಹತ್ತಿಸಿ ದೂರಕ್ಕೆ ಕಳಿಸಿದರು. ಅವನೇ ಕೇಳಿಕೊಂಡಿದ್ದ. "ಅಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ" ಎಂದಿದ್ದ.

ಚಾಪೆ ಇಳಿಸಿದಾಗ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು ಎಂದು ಮೆಲೆ ಶಾಲೆಯ ದನಿಯಲ್ಲಿ ಹೇಳಿದಳು. ಹಿರಿಯರೂ ಕಟ್ಟಿಕೊಂಡರು. ಮೆಲೆ ಎರಡು ಸಲ ಎಣಿಸಿದಳು. ಬೇಕು ಎಂದವರು ನೂರ ಹತ್ತೊಂಬತ್ತು, ಬೇಡ ಎಂದವರು ತೊಂಬತ್ತೆಂಟು.

ತೊಂಬತ್ತೆಂಟರ ಕಡೆಯ ಕೆಲವರು ತಮಗೂ ಏನಾದರೂ ಬರಬಹುದೆಂದು ಕಾದಂತೆ ನಿಂತಿದ್ದರು. ಏನೂ ಬರಲಿಲ್ಲ. ಮೆಲೆ ಸಂಖ್ಯೆಗಳನ್ನು ಕಾಗದಕ್ಕೆ ಇಳಿಸಿದಳು. ಹಿರಿಯರು ಸಹಿ ಮಾಡಿದರು. ಲೆಪೆಕಾ ಆ ಕಾಗದವನ್ನು ಈಸಿಕೊಂಡು ನೂರ ಹತ್ತೊಂಬತ್ತು ಎಂಬಲ್ಲಿ ಬೆರಳಿಟ್ಟು, "ಇದ್ರಲ್ಲಿ ಒಂದು ನಂದು" ಎಂದಳು. ಯಾರೂ ಕೇಳಿರಲಿಲ್ಲ.

"ಗುಟ್ಟು ಅಂದಿದ್ಯಲ್ಲ" ಎಂದ ಟಾವಿಟಾ.

"ನನ್ನ ಗುಟ್ಟು ನಾನು ಹೇಳ್ಕೋಬಹುದು. ಇನ್ನೊಬ್ರದ್ದು ಹೇಳ್ಬಾರ್ದು. ಅಷ್ಟೇ."

ಹಡಗು ಬಂದು ಕಾಗದ ಒಯ್ಯುವ ತನಕ ಗುಡ್ಡೆಗಳನ್ನು ಯಾರೂ ಮುಟ್ಟಬಾರದು, ಬೆರೆಸಬಾರದು, ಫಲಿತಾಂಶ ಮತ್ತೆ ಕಳೆದುಹೋಗುವುದು ಬೇಡ ಎಂದು ಮೆಲೆ ನಿಯಮ ಮಾಡಿದಳು. ಹಡಗು ಎಂದಿನಂತೆ ತಡವಾಯಿತು. ಊರಿಗೆ ಊರೇ ಬಲಗಾಲಿಗೆ ಚಪ್ಪಲಿ, ಎಡಗಾಲಿಗೆ ಏನೂ ಇಲ್ಲದೆ ಕುಂಟುತ್ತಾ ಓಡಾಡಿತು. ಹಡಗಿನಿಂದ ಇಳಿದವರು ಇದು ಯಾವ ಕಾಯಿಲೆ ಎಂದು ನರ್ಸನ್ನು ಕೇಳಿದರು.

ಹಡಗು ಹೋದ ಮೇಲೆ ಚಪ್ಪಲಿ ತೆಗೆದುಕೊಳ್ಳಬಹುದು ಎಂದಾಯಿತು. ಆಗ ಹೊಸ ತೊಡಕು ಕಾಣಿಸಿತು. ತನ್ನ ಚಪ್ಪಲಿ ತೆಗೆದುಕೊಳ್ಳಬೇಕಾದರೆ ಅದನ್ನು ಹಾಕಿದ ಗುಡ್ಡೆಯ ಹತ್ತಿರವೇ ಹೋಗಬೇಕು. ಹಗಲಿನಲ್ಲಿ ಹೋದವಳು ಲೆಪೆಕಾ ಒಬ್ಬಳೇ. ಉಳಿದವರು ಬಯಲಿನ ಸುತ್ತ ಕೂತು ಒಬ್ಬರನ್ನೊಬ್ಬರು ಕಾದರು. ಒಬ್ಬರೂ ಎದ್ದು ಹೋಗಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಗುಡ್ಡೆಗಳು ಕರಗಿದ್ದವು. ಯಾರು ಯಾವಾಗ ಬಂದರೋ ಯಾರೂ ನೋಡಲಿಲ್ಲ, ನೋಡಿದವರು ಹೇಳಲಿಲ್ಲ.

ಬೆಳಿಗ್ಗೆ ಬಯಲು ಗುಡಿಸುವ ಸರದಿ ಲೆಪೆಕಾಳದಾಗಿತ್ತು. ಎಡಗಡೆ, ಬೇಕು ಎಂಬ ಗುಡ್ಡೆ ಇದ್ದ ಜಾಗದಲ್ಲಿ, ಒಂದೇ ಒಂದು ಚಪ್ಪಲಿ ಉಳಿದಿತ್ತು. ದೊಡ್ಡ ಅಳತೆಯದು. ಹರಿದ ಪಟ್ಟಿಗೆ ಹಸಿರು ಬಲೆದಾರದ ಹೊಲಿಗೆ. ಇಡೀ ಊರಿನಲ್ಲಿ ಹಾಗೆ ಹೊಲಿದುಕೊಂಡು ಓಡಾಡುವವರು ಒಬ್ಬರೇ, ಅವರಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ.

ಲೆಪೆಕಾ ಪೊರಕೆ ಹಿಡಿದು ಸ್ವಲ್ಪ ಹೊತ್ತು ಅದನ್ನೇ ನೋಡಿದಳು ಎಂದು ಆಮೇಲೆ ನನಗೆ ಹೇಳಿದಳು. ಚಪ್ಪಲಿ ಯಾರದು ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ನನಗೆ ಗೊತ್ತಾದದ್ದು ಬೇರೆ ದಾರಿಯಿಂದ, ನಾನೂ ಇಲ್ಲಿ ಬರೆಯುವವನಲ್ಲ, ಓದುವವರು ಊಹಿಸಿಕೊಳ್ಳಲಿ. ಎತ್ತಿ ಹಿಡಿದು ಕೂಗಿದ್ದರೆ ಅಂದೇ ಹೆಂಗಸರ ಸಮಿತಿ ಒಂದು ತಿಂಗಳಿಗಾಗುವಷ್ಟು ನಗುತ್ತಿತ್ತು. ಅವಳು ಅದನ್ನು ಸೆರಗಿಲ್ಲದ ಬಟ್ಟೆಯಲ್ಲಿ ಎಲ್ಲಿ ಅಡಗಿಸಿದಳೋ, ಯಾರಿಗೂ ಕಾಣದಂತೆ ಮನೆಗೆ ಒಯ್ದು, ಬಾಳೆಲೆಯಲ್ಲಿ ಸುತ್ತಿ, ಹಿರಿಯರ ಮನೆಗಳಿಗೆ ಹೋಗುವ ಊಟದ ಬುಟ್ಟಿಗಳಲ್ಲಿ ಒಂದರ ತಳಕ್ಕೆ ಇಟ್ಟಳು.

ಮರುದಿನ ಹಿರಿಯರೆಲ್ಲ ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ ಸಭೆಗೆ ಬಂದರು. ಕೆಲೆಮೆನೆ ತಾತ ಎಂದಿನ ಜಾಗದಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಓಟು ಆಯ್ತು, ಕಾಗದ ಹೋಯ್ತು, ಸರಿ. ಆದ್ರೆ ನಾನು ಈಗಲೂ ಹೇಳ್ತೀನಿ, ಮೂರನೇ ಮತದಾನ ಅನ್ನೋದು ಹುಚ್ಚು" ಎಂದರು. ಹೇಳಿ, ಹೆಂಗಸರು ಕೂತಿದ್ದ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ಸಮಿತಿಯವರೆಲ್ಲ ಲೆಪೆಕಾ ಎದ್ದು ಉತ್ತರ ಕೊಡುತ್ತಾಳೆಂದು ಕಾದರು. ಟಾವಿಟಾ ನಗಲು ತಯಾರಾಗಿ ಕೂತಿದ್ದ.

"ಅದು ನಿಮ್ಮ ಅಭಿಪ್ರಾಯ ತಾತ" ಎಂದಳು ಲೆಪೆಕಾ, ಬೀಸಣಿಗೆ ಬೀಸಿಕೊಳ್ಳುತ್ತಾ. "ಪೆಟ್ಟಿಗೆ ಬಂದ ದಿನ ಜೊತೆಗೇ ಹೋಗೋಣ. ನೀವು ನಿಮ್ಮದು ಹಾಕಿ, ನಾನು ನಂದು ಹಾಕ್ತೀನಿ."

"ಆಗ್ಲಮ್ಮ" ಎಂದರು ಕೆಲೆಮೆನೆ.